ವಚನದ ಪುಟವಿನ್ಯಾಸ: ಜಾಲತಾಣಗಳನ್ನು ಕುರಿತು ಒಂದು ವಿವೇಚನೆ

೧

ಗ್ರಂಥಸಂಪಾದನೆಯ ವಿಷಯವಾಗಿ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಪಾಠಾಂತರಗಳ ಆಯ್ಕೆ, ಪ್ರಕ್ಷೇಪಗಳ ನಿರ್ಣಯ, ಅಂಕಿತಗಳ ಶೋಧ, ಕರ್ತೃತ್ವದ ವಿಚಾರ ಇವುಗಳಿಗಾಗಿ ವಿದ್ವಾಂಸರು ತಮ್ಮ ಆಯುಷ್ಯವನ್ನೇ ಸವೆಸಿದ್ದಾರೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಪ್ರಕಟವಾದ ಮೇಲೆ ಈ ಶಾಸ್ತ್ರಕ್ಕೆ ನಮ್ಮ ನುಡಿಯಲ್ಲಿಯೇ ಒಂದು ಭದ್ರವಾದ ತಳಹದಿ ದೊರೆಯಿತು. ಆದರೆ ಹೀಗೆ ಶೋಧಿಸಿದ ಪಾಠವನ್ನು ಓದುಗನ ಕಣ್ಣೆದುರಿಗೆ ಯಾವ ಆಕಾರದಲ್ಲಿ ಇಡಬೇಕು, ಸಾಲನ್ನು ಎಲ್ಲಿ ನಿಲ್ಲಿಸಬೇಕು, ಟೀಕೆಯನ್ನು ಎಲ್ಲಿ ಕೂಡಿಸಬೇಕು, ಒಂದು ವಚನದ ಪಕ್ಕದಲ್ಲಿ ಯಾವ ವಚನ ಬರಬೇಕು ಎಂಬ ಪ್ರಶ್ನೆಗಳನ್ನು ನಾವು ಬಹುಮಟ್ಟಿಗೆ ಮುದ್ರಕನ ಅಭಿರುಚಿಗೆ ಬಿಟ್ಟುಕೊಟ್ಟಿದ್ದೆವು. ಇಂದು ಆ ಮುದ್ರಕನ ಪೀಠದಲ್ಲಿ ಜಾಲತಾಣವನ್ನು ಕಟ್ಟುವವನು ಕುಳಿತಿದ್ದಾನೆ. ಎಳೆಯರಲ್ಲಿ ಅನೇಕರಿಗೆ ವಚನದ ಮೊದಲ ಪರಿಚಯವಾಗುವುದು ಪುಸ್ತಕದಲ್ಲಿ ಅಲ್ಲ, ಅಂಗೈಯಗಲದ ಮೊಬೈಲಿನ ಪರದೆಯಲ್ಲಿ. ಆದುದರಿಂದ ಆ ಪರದೆಯ ಮೇಲಿನ ಪುಟ ಹೇಗಿರಬೇಕೆಂಬುದು ವಚನಾಭ್ಯಾಸಿಗಳೂ ಕೈಹಾಕಿ ವಿಚಾರಿಸಬೇಕಾದ ವಿಷಯವಾಗಿದೆ.

ಈ ವಿಚಾರಕ್ಕೆ ನನ್ನನ್ನು ತೊಡಗಿಸಿದ ಪ್ರಸಂಗವೊಂದನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ಬಸವ ಜಯಂತಿಯ ನಿಮಿತ್ತ ನಮ್ಮ ಊರಿನಲ್ಲಿ ವಚನ ಕಂಠಪಾಠದ ಸ್ಪರ್ಧೆ ಏರ್ಪಟ್ಟಿತ್ತು. ನಿವೃತ್ತ ಶಿಕ್ಷಕನೆಂಬ ಕಾರಣದಿಂದ ತೀರ್ಪುಗಾರರಲ್ಲಿ ನನ್ನನ್ನೂ ಸೇರಿಸಿದ್ದರು. ಏಳನೆಯ ತರಗತಿಯ ಬಾಲಕಿಯೊಬ್ಬಳು, ಹೆಚ್ಚು ಪ್ರಚಾರದಲ್ಲಿಲ್ಲದ ವಚನವೊಂದನ್ನು ಆಯ್ದುಕೊಂಡು, ಶುದ್ಧವಾದ ಉಚ್ಚಾರಣೆಯಿಂದ ಹೇಳಿದಳು. ಆದರೆ ಅಂಕಿತ ಬಂದೊಡನೆ ಕೈಮುಗಿದು ವೇದಿಕೆಯಿಂದ ಇಳಿದುಬಿಟ್ಟಳು. ಆ ವಚನದಲ್ಲಿ ಅಂಕಿತದ ನಂತರ ಇನ್ನೊಂದು ವಾಕ್ಯವಿದೆ. ಹಿಂದಿನ ಮಾತುಗಳೆಲ್ಲ ಆ ವಾಕ್ಯಕ್ಕಾಗಿಯೇ ಕಾದಿರುತ್ತವೆ. ಮರೆತಳೆಂದು ತಿಳಿದು ನಾನು ಅಂಕಗಳನ್ನು ಕಳೆದೆ. ಬಹುಮಾನ ಬೇರೊಬ್ಬರ ಪಾಲಾಯಿತು. ಕಾರ್ಯಕ್ರಮ ಮುಗಿದ ಮೇಲೆ ಆ ಮಗು ತಾಯಿಯ ಮೊಬೈಲನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದು, “ಸರ್, ಇದರಾಗ ಇಷ್ಟ ಐತ್ರಿ” ಎಂದಿತು. ನೋಡಿದೆ. ಪುಟದಲ್ಲಿ ಅಷ್ಟೇ ಇತ್ತು. ವಚನ ಒಂದು ಚೌಕಟ್ಟಿನಲ್ಲಿ, ಅಂಕಿತ ಅದರ ಕೆಳಗೆ ಕೆಂಪು ಅಕ್ಷರಗಳಲ್ಲಿ, ಅಲ್ಲಿಗೆ ಮುಕ್ತಾಯ. ಕೊನೆಯ ವಾಕ್ಯದ ಸುಳಿವೇ ಇರಲಿಲ್ಲ.

ಜಾಲತಾಣಗಳನ್ನು ಕಟ್ಟುವ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಇದನ್ನು ತೋರಿಸಿ, ಹೀಗಾಗಲು ಕಾರಣವೇನೆಂದು ಕೇಳಿದೆ. ಅವರು ಪುಟವನ್ನು ಪರೀಕ್ಷಿಸಿ, “ಗುರುಗಳೇ, ಬೆರಳಚ್ಚು ಮಾಡಿದವರ ತಪ್ಪು ಇದರಲ್ಲಿ ಕಡಿಮೆ. ಇದನ್ನು ತುಂಬಿಸುವ ನಮೂನೆಯಲ್ಲಿ ವಚನಕಾರ, ವಚನ, ಅಂಕಿತ ಎಂದು ಮೂರೇ ಮನೆಗಳನ್ನು ಮಾಡಿರಬೇಕು. ಅಂಕಿತದ ಆಚೆಗಿನ ಮಾತಿಗೆ ಮನೆಯೇ ಇರಲಿಲ್ಲ” ಎಂದರು. ಆ ಉತ್ತರ ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಲಿಪಿಕಾರನ ಕೈತಪ್ಪಿನಿಂದ ಒಂದು ಓಲೆಯಲ್ಲಿ ಒಂದು ವಾಕ್ಯ ಬಿಟ್ಟುಹೋಗುವುದುಂಟು. ಆದರೆ ಇಲ್ಲಿ ಪುಟದ ರಚನೆಯೇ ಆ ಜಾತಿಯ ಎಲ್ಲ ವಚನಗಳಿಂದಲೂ ಕೊನೆಯ ಮಾತನ್ನು ಕಿತ್ತುಹಾಕುವಂತಿದೆ. ಪುಟವಿನ್ಯಾಸವನ್ನು ಆಯುವುದೂ ಒಂದು ಬಗೆಯ ಪಾಠನಿರ್ಣಯವೇ ಸರಿ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

೨

ಮೊದಲು ಸಾಲಿನ ವಿಚಾರ. ಓಲೆಗರಿಯಲ್ಲಿ ಪದಪದಗಳ ನಡುವೆ ತೆರಪಿಲ್ಲದೆ ಬರಹ ಒಂದೇ ಓಟದಲ್ಲಿ ಸಾಗುತ್ತದೆ. ಗರಿಯ ಅಂಚು ಬಂದಲ್ಲಿ ಸಾಲು ನಿಲ್ಲುತ್ತದೆ. ಪದದ ಮಧ್ಯದಲ್ಲಿಯೂ ನಿಲ್ಲಬಹುದು. ದಾರ ಪೋಣಿಸುವ ರಂಧ್ರದ ಸುತ್ತ ಬಿಟ್ಟ ಜಾಗಕ್ಕೂ ಅರ್ಥಕ್ಕೂ ಸಂಬಂಧವಿಲ್ಲ. ಇದನ್ನು ಓದುತ್ತಿದ್ದವನು ಪರಂಪರೆಯಿಂದ ವಚನವನ್ನು ಕೇಳಿ ಬಲ್ಲವನಾದುದರಿಂದ, ಗರಿಯ ಅಂಚನ್ನು ಅರ್ಥದ ಅಂಚೆಂದು ಎಂದೂ ಭ್ರಮಿಸುತ್ತಿರಲಿಲ್ಲ. ಉಸಿರೆಲ್ಲಿ ನಿಲ್ಲಬೇಕೆಂಬುದು ಅವನ ಕಿವಿಯಲ್ಲಿತ್ತು.

ಮುದ್ರಣ ಬಂದಾಗ ಈ ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಬೇಕಾಯಿತು. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ೧೯೨೩ರಲ್ಲಿ ಹೊರತಂದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಲ್ಲಿಂದ ಮುಂದಿನ ಸಂಪಾದಕರ ಎದುರಿಗೆಲ್ಲ ಒಂದೇ ಪ್ರಶ್ನೆ ನಿಂತಿತು: ವಚನವನ್ನು ಗದ್ಯದಂತೆ ಒಂದೇ ಕಂಡಿಕೆಯಾಗಿ ಅಚ್ಚುಹಾಕಬೇಕೆ, ಪದ್ಯದಂತೆ ಸಾಲುಸಾಲಾಗಿ ಒಡೆಯಬೇಕೆ? ಕೆಲವರು ಒಂದನ್ನು ಹಿಡಿದರೆ ಕೆಲವರು ಮತ್ತೊಂದನ್ನು ಹಿಡಿದರು. ಎರಡಕ್ಕೂ ಸಮರ್ಥನೆಯುಂಟು. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಆದರೆ ಪದಗಳ ಪುನರಾವೃತ್ತಿ, ವಾಕ್ಯಗಳ ಸಮತೂಕ, ಸಂಬೋಧನೆಯ ಏರಿಳಿತ ಇವುಗಳಿಂದ ಹುಟ್ಟುವ ಲಯವಂತೂ ಇದ್ದೇ ಇದೆ. ಸಾಲನ್ನು ಒಡೆಯುವ ಸಂಪಾದಕ ಆ ಲಯದ ವಿಷಯದಲ್ಲಿ ತನ್ನ ನಿರ್ಣಯವನ್ನು ಮುಂದಿಡುತ್ತಾನೆ. ಅದು ಅವನ ಜವಾಬ್ದಾರಿ. ಅದನ್ನು ಒಪ್ಪುವುದು, ಬಿಡುವುದು ಓದುಗನ ಸ್ವಾತಂತ್ರ್ಯ.

ಪರದೆಯ ಪುಟದಲ್ಲಿ ಈ ಎರಡು ಸ್ಥಿತಿಗಳೂ ಒಂದರಮೇಲೊಂದು ಬಂದು ಬೀಳುತ್ತವೆ. ಸಂಪಾದಕ ಅರ್ಥಕ್ಕಾಗಿ ಒಡೆದ ಸಾಲು ಅಲ್ಲಿದೆ. ಪರದೆ ಕಿರಿದಾದುದರಿಂದ ತಾನಾಗಿ ಮುರಿದ ಸಾಲೂ ಅಲ್ಲಿದೆ. ದೊಡ್ಡ ಗಣಕಯಂತ್ರದಲ್ಲಿ ಏಳು ಸಾಲಾಗಿ ಕಂಡ ವಚನ ಮೊಬೈಲಿನಲ್ಲಿ ಹದಿನಾಲ್ಕು ಸಾಲಾಗುತ್ತದೆ. ಇವುಗಳಲ್ಲಿ ಏಳು ಸಂಪಾದಕನವು, ಏಳು ಯಂತ್ರದವು. ಓಲೆಯ ಓದುಗನಿಗೆ ಇದ್ದ ಕಿವಿ ಇಂದಿನ ಬಾಲಕನಿಗೆ ಇಲ್ಲ. ಅವನು ಕಂಡ ಕಡೆಯಲ್ಲೆಲ್ಲ ಉಸಿರು ನಿಲ್ಲಿಸುತ್ತಾನೆ. ಕಂಠಪಾಠದ ಸ್ಪರ್ಧೆಗಳಲ್ಲಿ ಕರ್ತೃಪದ ಒಂದು ಕಡೆ, ಕ್ರಿಯಾಪದ ಮತ್ತೊಂದು ಕಡೆ ತುಂಡಾಗಿ ಕೇಳಿಬರುವುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ.

ಇದಕ್ಕೆ ಪರಿಹಾರ ಕಠಿನವೇನಲ್ಲ. ಪದ್ಯಗಳನ್ನು ಅಚ್ಚುಹಾಕುವ ಮುದ್ರಕರು ಸಾಲೊಂದು ಹಾಳೆಯ ಅಗಲವನ್ನು ಮೀರಿದಾಗ, ಉಳಿದ ಭಾಗವನ್ನು ಕೆಳಗೆ ಒಳಸರಿಸಿ ಕೂಡಿಸುವ ರೂಢಿ ಹಿಂದಿನಿಂದಲೂ ಇದೆ. ಒಳಸರಿದದ್ದು ಹೊಸ ಸಾಲಲ್ಲ, ಮೇಲಿನದರ ಮುಂದುವರಿಕೆ ಎಂದು ಓದುಗ ತಿಳಿಯುತ್ತಾನೆ. ಜಾಲಪುಟದಲ್ಲಿಯೂ ಇದೇ ವ್ಯವಸ್ಥೆಯನ್ನು ಒಂದೆರಡು ಸೂಚನೆಗಳಿಂದ ಮಾಡಬಹುದೆಂದು ಬಲ್ಲವರು ತೋರಿಸಿಕೊಟ್ಟರು. ಹಾಗೆಂದ ಮೇಲೆ ಅದು ನಮ್ಮ ಪುಟಗಳಲ್ಲಿ ವಿರಳವಾಗಿರುವುದೇಕೆ? ಸಾಲಿಗೆ ಅರ್ಥವಿದೆ ಎಂದು ಕಟ್ಟುವವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದ ನಾವು ಆ ಕೋಣೆಯಲ್ಲಿ ಇರಲಿಲ್ಲ.

೩

ಇನ್ನು ಅಂಕಿತದ ವಿಚಾರ. ಹೊರನೋಟಕ್ಕೆ ಅಂಕಿತವು ವಚನದ ಕೊನೆಗೆ ಒತ್ತಿದ ಮುದ್ರೆಯಂತೆ ಕಾಣುತ್ತದೆ. ಆದುದರಿಂದ ವಿನ್ಯಾಸಕಾರನಿಗೆ ಅದನ್ನು ಬೇರ್ಪಡಿಸಿ, ಬಣ್ಣ ಹಚ್ಚಿ, ಲೇಖಕನ ಸಹಿಯಂತೆ ಬಲಕ್ಕೆ ಸರಿಸಿ ಇಡಬೇಕೆನ್ನಿಸುವುದು ಸಹಜ. ಆದರೆ ವಚನಗಳನ್ನು ಬಲ್ಲವರಿಗೆ ಈ ಭಾವನೆ ಎಷ್ಟು ಅಪೂರ್ಣವೆಂಬುದು ತಿಳಿದಿದೆ.

ದೇಹವನ್ನೇ ದೇಗುಲವಾಗಿ ಕಾಣುವ ಬಸವಣ್ಣನವರ ಸುಪ್ರಸಿದ್ಧ ವಚನವನ್ನೇ ನೆನೆಯೋಣ. ಅದರಲ್ಲಿ ಮೊದಲು ಬಡವನ ವಿನಯವಿದೆ. ಬಳಿಕ ಅಂಗಾಂಗಗಳು ಗುಡಿಯ ಅಂಗಗಳಾಗುವ ರೂಪಕವಿದೆ. ಅನಂತರ ಕೂಡಲಸಂಗಮದೇವನನ್ನು ಕರೆದು ಕೇಳೆಂದು ಬಿನ್ನೈಸುವ ಮಾತು. ಆ ಕರೆಯ ಆಚೆಗೆ ಸ್ಥಾವರ ಜಂಗಮಗಳನ್ನು ಕುರಿತ ನಿರ್ಣಯ ಬರುತ್ತದೆ. ಅಂಕಿತ ಇಲ್ಲಿ ಕೊನೆಯಲ್ಲ, ಹೊಸ್ತಿಲು. ತನ್ನ ಒಡೆಯನನ್ನು ಸಾಕ್ಷಿಯಾಗಿ ನಿಲ್ಲಿಸಿಕೊಂಡ ನಂತರವೇ ಶರಣನು ತನ್ನ ತೀರ್ಮಾನವನ್ನು ನುಡಿಯುತ್ತಾನೆ. ಇಂತಹ ವಚನವನ್ನು ವಚನ, ಅಂಕಿತ ಎಂಬ ಎರಡು ಮನೆಗಳಿಗೆ ತುಂಬಿದರೆ ಆ ನಿರ್ಣಯವು ಬೀದಿಪಾಲಾಗುತ್ತದೆ. ಈ ವಚನ ಎಲ್ಲರ ಬಾಯಲ್ಲಿರುವುದರಿಂದ ಲೋಪವನ್ನು ಯಾರಾದರೂ ಹಿಡಿದಾರು. ಬಾಲಕಿ ಆಯ್ದಂತಹ ಅಪರಿಚಿತ ವಚನಗಳ ಗತಿ ಏನು?

ಅಂಬಿಗರ ಚೌಡಯ್ಯನವರ ವಚನಗಳಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಅಂಕಿತವೂ ವಚನಕಾರನ ಹೆಸರೂ ಒಂದೇ. ಅದು ದೇವರನ್ನು ಕರೆಯುವ ಪದವಾಗಿರದೆ, ‘ಹೀಗೆಂದವನು ಇಂಥವನು’ ಎಂದು ಸಾರುವ ಮಾತಾಗಿದೆ. ಹಿಂದಿನ ಕ್ರಿಯಾಪದದೊಡನೆ ಸಂಧಿಯಾಗಿ ಬೆಸೆದುಕೊಂಡಿರುವ ಅದನ್ನು ಬಿಡಿಸಿ ಬೇರೆ ಮನೆಗೆ ಹಾಕಿದರೆ ಅತ್ತ ಕ್ರಿಯಾಪದ ಕುಂಟುತ್ತದೆ, ಇತ್ತ ಹೆಸರು ಮೊದಲಕ್ಷರ ಕಳೆದುಕೊಳ್ಳುತ್ತದೆ. ಅಲ್ಲಮಪ್ರಭುಗಳ ಗುಹೇಶ್ವರಾಂಕಿತ ಒಮ್ಮೆ ಸಂಬೋಧನೆಯಾಗಿಯೂ ಮತ್ತೊಮ್ಮೆ ಬೇರೆ ವಿಭಕ್ತಿಯಲ್ಲಿ ವಾಕ್ಯದ ಅಂಗವಾಗಿಯೂ ಬರುತ್ತದೆ. ಹೀಗಿರುವಲ್ಲಿ ಅಂಕಿತವನ್ನು ವಾಕ್ಯದಿಂದ ಕತ್ತರಿಸುವುದೆಂದರೆ ವ್ಯಾಕರಣವನ್ನೇ ಕತ್ತರಿಸಿದಂತೆ.

ಹಾಗಾದರೆ ಅಂಕಿತವನ್ನು ಗುರುತಿಸಲೇಬಾರದೆ? ಗುರುತಿಸಬೇಕು. ಅಂಕಿತಗಳ ಮೂಲಕ ವಚನಗಳನ್ನು ಹುಡುಕುವ ಅನುಕೂಲ ಅಭ್ಯಾಸಿಗಳಿಗೆ ಬೇಕೇ ಬೇಕು. ಹೆಸರು ತಿಳಿಯದೆ ಅಂಕಿತದಿಂದ ಮಾತ್ರ ತಿಳಿದಿರುವ ವಚನಕಾರರೂ ನಮ್ಮಲ್ಲಿದ್ದಾರೆ. ಅವರಿಗೆ ಅಂಕಿತವೇ ವಿಳಾಸ. ಮಾರ್ಗ ಸುಲಭವಾಗಿದೆ. ವಚನದ ಪಾಠ ಆದಿಯಿಂದ ಅಂತ್ಯದವರೆಗೆ ಅಖಂಡವಾಗಿ ಒಂದೇ ಮನೆಯಲ್ಲಿರಲಿ. ಅದರೊಳಗೆ ಅಂಕಿತ ಎಲ್ಲಿದೆಯೋ ಅಲ್ಲಿಯೇ, ಓದುಗನಿಗೆ ಕಾಣದ ಗುರುತೊಂದನ್ನು ಇಡಬಹುದು. ಹುಡುಕುವುದಕ್ಕಾಗಿ ಅಂಕಿತದ ಶುದ್ಧರೂಪವನ್ನು ಪ್ರತ್ಯೇಕವಾಗಿಯೂ ಬರೆದಿಡಬಹುದು. ಹಾಗೆ ಬರೆಯುವಾಗ ಗುಹೇಶ್ವರ, ಗೊಹೇಶ್ವರ. ಚೆನ್ನಮಲ್ಲಿಕಾರ್ಜುನ, ಚನ್ನಮಲ್ಲಿಕಾರ್ಜುನ ಎಂಬ ರೂಪಭೇದಗಳನ್ನು ಒಂದೆಡೆ ಕೂಡಿಸಬೇಕು. ಬಸವಣ್ಣನವರ ಕೂಡಲಸಂಗಮದೇವ ಮತ್ತು ಚೆನ್ನಬಸವಣ್ಣನವರ ಕೂಡಲಚೆನ್ನಸಂಗಮದೇವ ಎಂಬವುಗಳನ್ನು ಬೆರೆಯದಂತೆ ಬೇರೆ ಇಡಬೇಕು. ಇದು ಯಂತ್ರಜ್ಞನು ಊಹಿಸಿ ಮಾಡಬಹುದಾದ ಕೆಲಸವಲ್ಲ. ವಚನಗಳನ್ನು ಓದಿದವನು ಪಕ್ಕದಲ್ಲಿ ಕುಳಿತು ಹೇಳಬೇಕಾದ ಕೆಲಸ.

೪

ಮೂರನೆಯದು ಜೋಡಣೆಯ ವಿಚಾರ. ಈ ವಿಷಯದಲ್ಲಿ ನಮ್ಮ ಪೂರ್ವಿಕರು ನಮಗಿಂತ ಹೆಚ್ಚು ಎಚ್ಚರವುಳ್ಳವರಾಗಿದ್ದರು. ವಚನಗಳನ್ನು ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಹೊಂದಿಸಿ ಕಟ್ಟುವ ಪದ್ಧತಿಯಲ್ಲಿ ಸಾಧಕನ ಏರುಹಾದಿಯೇ ಪುಸ್ತಕದ ಕ್ರಮವಾಗುತ್ತದೆ. ೧೫ನೆಯ ಶತಮಾನದಿಂದ ಮೊದಲ್ಗೊಂಡು ರಚಿತವಾದ ಶೂನ್ಯಸಂಪಾದನೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣಾರ್ಯ ಈ ನಾಲ್ವರೂ ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದರು. ನಡುನಡುವೆ ಸಂಧಾನದ ಗದ್ಯವನ್ನು ಕೂಡಿಸಿದರು. ಏಕಾಂತದಲ್ಲಿ ಆತ್ಮನಿವೇದನೆಯಂತೆ ಕೇಳಿಸುವ ವಚನವು ಅಲ್ಲಿ ಒಬ್ಬ ಶರಣ ಮತ್ತೊಬ್ಬ ಶರಣನಿಗೆ ಕೊಟ್ಟ ಉತ್ತರವಾಗಿ ಮರುಹುಟ್ಟು ಪಡೆಯುತ್ತದೆ. ಪಕ್ಕದಲ್ಲಿ ಏನಿದೆ ಎಂಬುದರಿಂದ ವಚನದ ಅರ್ಥಚ್ಛಾಯೆ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ.

ಅಚ್ಚಿನ ಯುಗದಲ್ಲಿ ಹಳಕಟ್ಟಿಯವರು ವಿಷಯಾನುಕ್ರಮವನ್ನು ಅನುಸರಿಸಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ೧೯೯೩ರಲ್ಲಿ ಹೊರತಂದ ೧೫ ಸಂಪುಟಗಳ ‘ಸಮಗ್ರ ವಚನ ಸಂಪುಟ’ ವಚನಕಾರರನ್ನು ಆಧರಿಸಿ ವಿಂಗಡಿಸಿತು. ಸ್ಥಲಕ್ರಮ ಸಾಧಕನಿಗೆ, ವಿಷಯಕ್ರಮ ಉಪನ್ಯಾಸಕನಿಗೆ, ಕರ್ತೃಕ್ರಮ ಸಂಶೋಧಕನಿಗೆ, ಅಕಾರಾದಿಕ್ರಮ ಹುಡುಕುವವನಿಗೆ ಅನುಕೂಲ. ಪುಸ್ತಕಕ್ಕೆ ಒಂದೇ ಬೆನ್ನು ಇರುವುದರಿಂದ ಸಂಪಾದಕನು ಇವುಗಳಲ್ಲಿ ಒಂದನ್ನು ಆರಿಸಿ, ಉಳಿದವುಗಳನ್ನು ಅನುಬಂಧದ ಪಟ್ಟಿಗಳಲ್ಲಿ ಪೂರೈಸಬೇಕಾಗಿತ್ತು.

ಜಾಲತಾಣಕ್ಕೆ ಈ ಇಕ್ಕಟ್ಟಿಲ್ಲ. ಒಂದೇ ಪಾಠವನ್ನು ನಾಲ್ಕು ಕ್ರಮಗಳಲ್ಲಿಯೂ ತೋರಿಸಬಹುದು. ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಬಂದಿರುವ ವಚನಗಳನ್ನು ಒಟ್ಟಾಗಿ ನೋಡಬಹುದು. ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಕೆಲಸವನ್ನು ವಿದ್ಯಾರ್ಥಿಯು ಇಂದು ಕುಳಿತಲ್ಲಿಯೇ ಮಾಡುತ್ತಾನೆ. ಇದು ದೊಡ್ಡ ಉಪಕಾರ, ಮುಕ್ತಕಂಠದಿಂದ ಒಪ್ಪಬೇಕಾದದ್ದು.

ಆದರೆ ಬಹುಪಾಲು ಪುಟಗಳು ಈ ಶಕ್ತಿಯನ್ನು ಬಳಸದೆ, ‘ಇಂದಿನ ವಚನ’ವೆಂದು ಒಂದನ್ನು ಎತ್ತಿ ಮುಖಪುಟದಲ್ಲಿ ಇಡುತ್ತವೆ. ಅದು ಯಾವ ಸಂಪುಟದ್ದು, ಎಷ್ಟನೆಯದು, ಯಾವ ಸ್ಥಲದ್ದು, ಶೂನ್ಯಸಂಪಾದನೆಯಲ್ಲಿ ಬಂದಿದೆಯೇ ಇಲ್ಲವೇ ಎಂಬ ಸುಳಿವಿಲ್ಲ. ನಿತ್ಯ ಒಂದು ವಚನವನ್ನು ಓದುವ ಭಕ್ತರಿಗೆ ಈ ಅಂಗ ಪ್ರಿಯವಾದದ್ದೆಂಬುದನ್ನು ನಾನು ಬಲ್ಲೆ. ಅದನ್ನು ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಅದರ ಕೆಳಗೆ ವಚನದ ನೆಲೆಯನ್ನು ತಿಳಿಸುವ ಒಂದು ಸಾಲೂ, ಮುಂದಿನ ಹಾಗೂ ಹಿಂದಿನ ವಚನಕ್ಕೆ ಹೋಗುವ ಕೊಂಡಿಯೂ ಇದ್ದರೆ ಸಾಕು. ಆಗ ವಚನವು ದಾರಿಯಲ್ಲಿ ಸಿಕ್ಕ ಮಣಿಯಾಗಿರದೆ, ಹಾರದ ಮಣಿಯಾಗಿ ಕಾಣುತ್ತದೆ.

೫

ಇಷ್ಟು ಹೇಳಿದ ಮೇಲೆ ಜಾಲಪುಟದ ಅಂಗರಚನೆಯನ್ನು ಸ್ವಲ್ಪ ವಿವರಿಸುವುದು ಯುಕ್ತ. ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ಜಿನೀವಾ ಬಳಿಯ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ಈ ಜಾಲದ ಕಲ್ಪನೆಯನ್ನು ಮುಂದಿಟ್ಟರು. ವಿದ್ವಾಂಸರು ತಮ್ಮ ಬರಹಗಳನ್ನು ಹಂಚಿಕೊಳ್ಳಬೇಕು, ಒಂದು ಬರಹದಿಂದ ಮತ್ತೊಂದಕ್ಕೆ ಹೋಗಬೇಕು ಎಂಬುದೇ ಅದರ ಉದ್ದೇಶ. ಅದಕ್ಕಾಗಿ ರೂಪುಗೊಂಡ ಎಚ್.ಟಿ.ಎಂ.ಎಲ್. ಎಂಬ ಸಂಕೇತಭಾಷೆ ‘ಇದು ಶೀರ್ಷಿಕೆ, ಇದು ಕಂಡಿಕೆ, ಇದು ಪಟ್ಟಿ’ ಎಂದು ಬರಹದ ಅಂಗಗಳನ್ನು ಹೆಸರಿಸುತ್ತದೆ. ಅವು ಹೇಗೆ ಕಾಣಬೇಕೆಂಬುದನ್ನು ಹೇಳಲು ಸಿ.ಎಸ್.ಎಸ್. ಎಂಬ ಬೇರೊಂದು ಭಾಷೆ ೧೯೯೬ರಲ್ಲಿ ಮಾನ್ಯವಾಯಿತು. ೨೦೧೪ರಲ್ಲಿ ಮಾನ್ಯವಾದ ಐದನೆಯ ಆವೃತ್ತಿಯಲ್ಲಿ ಪುಟದ ಮುಖ್ಯಭಾಗ, ಶಿರೋಭಾಗ, ಸಂಚಾರಪಟ್ಟಿ, ಸ್ವತಂತ್ರ ಬರಹ, ಪಕ್ಕಟಿಪ್ಪಣಿ, ಅಡಿಭಾಗ ಎಂಬವುಗಳಿಗೂ ತಕ್ಕ ಗುರುತುಗಳು ದೊರೆತವು. ೨೦೧೦ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು, ಒಂದೇ ಪುಟವು ಪರದೆಯ ಅಳತೆಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುವ ಕ್ರಮವನ್ನು ಪ್ರತಿಪಾದಿಸಿದರು. ಇಂದು ಅದೇ ಸಾಮಾನ್ಯ ಪದ್ಧತಿಯಾಗಿದೆ.

ಇಲ್ಲಿ ನಾವು ಗ್ರಹಿಸಬೇಕಾದ ತತ್ತ್ವ ಒಂದಿದೆ: ಅಂಗವೇ ಬೇರೆ, ಅಲಂಕಾರವೇ ಬೇರೆ. ‘ಇದು ಟೀಕೆ’ ಎಂದು ಗುರುತಿಸುವುದು ಅಂಗದ ಮಾತು. ಅದನ್ನು ಬಲಬದಿಗೆ ಇಡುವುದೋ ಕೆಳಗೆ ಇಡುವುದೋ ಎಂಬುದು ಅಲಂಕಾರದ ಮಾತು. ಮೊದಲನೆಯದನ್ನು ಸರಿಯಾಗಿ ಮಾಡಿದರೆ ಎರಡನೆಯದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಮೊದಲನೆಯದು ಕೆಟ್ಟರೆ, ಪುಟ ಎಷ್ಟೇ ಚೆಂದವಾಗಿ ಕಂಡರೂ ಒಳಗೆ ಮುರಿದೇ ಇರುತ್ತದೆ.

ವಚನದ ಪುಟಕ್ಕೆ ಬೇಕಾದ ಅಂಗಗಳಾದರೂ ಯಾವುವು? ಅಖಂಡವಾದ ಪಾಠ, ವಚನಕಾರನ ಹೆಸರು, ತಿಳಿಯದಿದ್ದರೆ ತಿಳಿಯದೆಂಬ ಸ್ಪಷ್ಟೋಕ್ತಿ, ಅಂಕಿತ, ಪಾಠವನ್ನು ಎತ್ತಿಕೊಂಡ ಆವೃತ್ತಿ ಮತ್ತು ಅದರಲ್ಲಿನ ಸಂಖ್ಯೆ, ಪಾಠಾಂತರಗಳು, ಕಠಿನ ಪದಗಳ ಅರ್ಥ, ಟೀಕೆಯಿದ್ದರೆ ಟೀಕೆ. ಇವುಗಳಲ್ಲಿ ಮೊದಲನೆಯದು ಮಾತ್ರ ಮುಖ್ಯಭಾಗದಲ್ಲಿ, ಬೇರೆ ಯಾವುದರ ಗದ್ದಲವೂ ಇಲ್ಲದೆ ನಿಲ್ಲಬೇಕು. ಉಳಿದವು ಅದರ ಸೇವೆಗೆ ಸುತ್ತ ಇರಬೇಕು. ಬೆಡಗಿನ ವಚನಗಳಲ್ಲಿ ಇದು ವಿಶೇಷವಾಗಿ ಮುಖ್ಯ. ಬೆಡಗಿನ ಜೊತೆಗೇ ಅದರ ಬಿಡುಗಡೆಯನ್ನೂ ಕಣ್ಣಿಗೆ ಒಡ್ಡಿದರೆ ಓದುಗನು ಬೆರಗುಗೊಳ್ಳಲು ಅವಕಾಶವೇ ಸಿಗುವುದಿಲ್ಲ. ಟೀಕೆಯನ್ನು ಮುಚ್ಚಿಟ್ಟು, ಓದುಗನು ಬಯಸಿ ಒತ್ತಿದಾಗ ತೆರೆಯುವಂತೆ ಮಾಡಬಹುದು. ಅಚ್ಚಿನ ಪುಸ್ತಕಕ್ಕೆ ಸಾಧ್ಯವಾಗದ ಈ ಅನುಕೂಲ ಜಾಲಪುಟಕ್ಕಿದೆ.

ಇದಕ್ಕೆ ಬದಲಾಗಿ ನಾವು ಕಾಣುತ್ತಿರುವುದೇನು? ಅಂಗಡಿಗೋ ಸಮಾಚಾರ ಪತ್ರಿಕೆಗೋ ಹೊಂದುವ ಸಿದ್ಧ ಟೆಂಪ್ಲೇಟುಗಳನ್ನು ತಂದು ಅವುಗಳೊಳಗೆ ವಚನವನ್ನು ತುರುಕುವುದು. ಟೆಂಪ್ಲೇಟು ತಲೆಬರಹವನ್ನು ಬೇಡುತ್ತದೆ, ವಚನಕ್ಕೆ ತಲೆಬರಹವಿಲ್ಲ. ಆಗ ಮೊದಲ ನಾಲ್ಕು ಪದಗಳನ್ನು ದಪ್ಪಕ್ಷರದಲ್ಲಿ ಮೇಲೆ ಹಾಕಿ, ಅವೇ ಪದಗಳಿಂದ ಮತ್ತೆ ವಚನವನ್ನು ಆರಂಭಿಸುತ್ತಾರೆ. ಇಲ್ಲವೆ ತಮಗೆ ತೋಚಿದ ಹೆಸರನ್ನು ಇಡುತ್ತಾರೆ. ವಚನಕಾರನು ಇಡದ ಹೆಸರು ಮುಂದೆ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ವಚನಕಾರನದೇ ಎಂಬಂತೆ ಉಲ್ಲೇಖಗೊಳ್ಳುತ್ತದೆ. ಟೆಂಪ್ಲೇಟು ಎರಡು ಸಾಲಿನ ಸಾರಾಂಶವನ್ನೂ ‘ಮುಂದೆ ಓದಿ’ ಎಂಬ ಗುಂಡಿಯನ್ನೂ ಬೇಡುತ್ತದೆ. ಐದು ಸಾಲಿನ ವಚನದಲ್ಲಿ ಎರಡು ಸಾಲು ಹೊರಗೆ, ಮೂರು ಸಾಲು ಬಾಗಿಲ ಹಿಂದೆ. ಪೂರ್ವಪಕ್ಷವನ್ನು ಮೊದಲು ಹೇಳಿ ಅನಂತರ ಖಂಡಿಸುವ ವಚನಗಳಲ್ಲಿ ಹೊರಗೆ ಕಾಣುವುದು ಶರಣನು ಒಪ್ಪದ ಮಾತೇ ಆಗಿಬಿಡುತ್ತದೆ.

ಮುಖಪುಟದಲ್ಲಿ ತಾನಾಗಿ ಜಾರುತ್ತ ಹೋಗುವ ಚಿತ್ರಮಾಲೆಯೂ ಇಂಥದ್ದೇ. ನಿಧಾನವಾಗಿ ಓದುವವನು ವಚನದ ಅರ್ಧಕ್ಕೆ ಬರುವಷ್ಟರಲ್ಲಿ ಅದು ಜಾರಿಹೋಗಿ ಮತ್ತೊಂದು ಬಂದಿರುತ್ತದೆ. ತಾನಾಗಿ ಆರಂಭವಾಗಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಇತರ ಬರಹದ ಜೊತೆಗೆ ಚಲಿಸುವ ಯಾವುದನ್ನೂ ನಿಲ್ಲಿಸುವ ಉಪಾಯ ಓದುಗನ ಕೈಯಲ್ಲಿರಬೇಕೆಂದು ಸರ್ವಸುಲಭ ಜಾಲಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ವಚನಕ್ಕೆ ಚಲನೆಯ ಅಗತ್ಯವೇ ಇಲ್ಲ.

೬

ಕನ್ನಡದ ಅಕ್ಷರಸ್ವಭಾವವನ್ನೂ ಇಲ್ಲಿ ಗಮನಿಸಬೇಕು. ನಮ್ಮ ಅಕ್ಷರಗಳಿಗೆ ಮೇಲೆ ಗುಣಿತದ ಚಿಹ್ನೆಗಳೂ ಕೆಳಗೆ ಒತ್ತಕ್ಷರಗಳೂ ಉಂಟು. ರೋಮನ್ ಅಕ್ಷರಗಳಿಗೆ ಒಪ್ಪುವ ಸಾಲಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ನಮ್ಮ ಪದಗಳು ಸಂಧಿ ಸಮಾಸಗಳಿಂದ ಉದ್ದವಾಗುತ್ತವೆ. ಕಿರಿದಾದ ಪರದೆಯಲ್ಲಿ ಎರಡೂ ಅಂಚುಗಳನ್ನು ಸಮಗೊಳಿಸಲು ಹೊರಟರೆ ಪದಪದಗಳ ನಡುವೆ ಹಳ್ಳಗಳು ಬೀಳುತ್ತವೆ. ಆದುದರಿಂದ ಎಡ ಅಂಚನ್ನು ಮಾತ್ರ ಸಮವಾಗಿರಿಸಿ ಬಲವನ್ನು ಬಿಟ್ಟುಬಿಡುವುದು ಲೇಸು. ಎಲ್ಲ ಸಾಲುಗಳನ್ನೂ ನಟ್ಟನಡುವೆ ನಿಲ್ಲಿಸುವ ಈಗಿನ ಹವ್ಯಾಸವು ಆಮಂತ್ರಣಪತ್ರಿಕೆಗೆ ಶೋಭಿಸೀತು. ವಚನದಲ್ಲಿ ಸಾಲಿನ ಆರಂಭವನ್ನು ಕಣ್ಣು ಪ್ರತಿಸಲವೂ ಹುಡುಕಬೇಕಾಗುತ್ತದೆ, ಸಮತೂಕದ ವಾಕ್ಯಗಳು ಒಂದರ ಕೆಳಗೊಂದು ನಿಲ್ಲುವ ಸೊಗಸೂ ಮರೆಯಾಗುತ್ತದೆ.

ಅಲಂಕೃತವಾದ ಹಿನ್ನೆಲೆಯ ಮೇಲೆ ವಚನವನ್ನು ಚಿತ್ರವನ್ನಾಗಿ ಮಾಡಿ ಏರಿಸುವ ರೂಢಿಯೂ ಬೆಳೆದಿದೆ. ಚಿತ್ರದೊಳಗಿನ ಅಕ್ಷರವನ್ನು ಪುಟದ ಸಾಮಾನ್ಯ ಹುಡುಕಾಟ ಹಿಡಿಯುವುದಿಲ್ಲ, ಓದುಗನು ತನಗೆ ಬೇಕಾದಂತೆ ಹಿಗ್ಗಿಸಿ ಸಾಲು ಹೊಂದಿಸಿಕೊಳ್ಳಲಾರ. ಅದರ ಜೊತೆಗೆ ಬದಲಿ ಬರಹವನ್ನು ಕೊಡದಿದ್ದರೆ, ಕಣ್ಣಿಲ್ಲದವರಿಗಾಗಿ ಪುಟವನ್ನು ಓದಿಹೇಳುವ ತಂತ್ರಾಂಶದ ಪಾಲಿಗೆ ಅದು ಮೂಕ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುಂಚಿನ ಒಂದು ವರ್ಷ ನಾನು ಕಾವಿ ಬಣ್ಣದ ಮೇಲಿನ ಹಳದಿ ಅಕ್ಷರಗಳನ್ನು ಓದಲಾರದೆ ಮೊಮ್ಮಗಳಿಂದ ಓದಿಸಿಕೊಂಡಿದ್ದೇನೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ ೪.೫ಕ್ಕೆ ೧ರ ಪ್ರಮಾಣದ ಬೆಳಕಿನ ಅಂತರ ಬೇಕೆಂದು ಮೇಲೆ ಹೇಳಿದ ಮಾರ್ಗಸೂಚಿಯೇ ವಿಧಿಸಿದೆ. ಮಠಮಾನ್ಯಗಳ ಜಾಲತಾಣಗಳನ್ನು ಬಯಸಿ ನೋಡುವವರಲ್ಲಿ ವಯಸ್ಸಾದವರೇ ಅನೇಕರು ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

೭

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಸಣ್ಣ ಸಂಘಗಳಿಗೆ ಹಣವಿಲ್ಲ, ಸಿದ್ಧ ಟೆಂಪ್ಲೇಟು ಇಲ್ಲದಿದ್ದರೆ ಜಾಲತಾಣವೇ ಆಗುತ್ತಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಇಂದಿನ ಓದುಗನಿಗೆ ತಾಳ್ಮೆಯಿಲ್ಲ, ಚಿತ್ರವೂ ಬಣ್ಣವೂ ಇಲ್ಲದಿದ್ದರೆ ಅವನು ನಿಲ್ಲುವುದೇ ಇಲ್ಲ ಎಂದು ಇನ್ನು ಕೆಲವರ ವಾದ. ಮೊದಲನೆಯ ಮಾತಿನಲ್ಲಿ ಸತ್ಯವಿದೆ. ಸಿದ್ಧವಾದ ಅಚ್ಚನ್ನು ಬಳಸುವುದು ದೋಷವಲ್ಲ. ಅಳತೆ ನೋಡದೆ ಬಳಸುವುದು ದೋಷ. ಎರಡನೆಯ ಮಾತನ್ನು ಪೂರ್ಣವಾಗಿ ಒಪ್ಪಲಾರೆ. ತಾಳ್ಮೆಯಿಲ್ಲದವನಿಗೂ ವಚನವು ಅನುಕೂಲವಾದ ರಚನೆಯೇ. ಅದು ಚಿಕ್ಕದು, ನೇರವಾದದ್ದು. ಅವನ ತಾಳ್ಮೆಯನ್ನು ಕೆಡಿಸುವುದು ವಚನಕ್ಕೂ ಅವನಿಗೂ ನಡುವೆ ನಾವು ನಿಲ್ಲಿಸುವ ಗುಂಡಿಗಳು, ಜಾರುಚಿತ್ರಗಳು.

ಅಳತೆ ನೋಡುವ ಬಗೆ ಹೇಗೆ? ನನ್ನ ವಿದ್ಯಾರ್ಥಿಯೊಡನೆ ಕುಳಿತು ನಾನು ಒಂದು ಚಿಕ್ಕ ಪರೀಕ್ಷೆಯನ್ನು ಗೊತ್ತುಮಾಡಿಕೊಂಡೆ. ಯಾವ ಪುಟವಿನ್ಯಾಸವನ್ನಾದರೂ ಒಪ್ಪುವ ಮೊದಲು ಆರು ವಚನಗಳನ್ನು ಅದರಲ್ಲಿ ಇಟ್ಟು ಮೊಬೈಲಿನಲ್ಲಿಯೂ ದೊಡ್ಡ ಪರದೆಯಲ್ಲಿಯೂ ನೋಡಬೇಕು: ಎರಡು ಮೂರು ಸಾಲಿನ ಕಿರುವಚನ ಒಂದು, ಒಂದು ಪುಟವನ್ನು ಮೀರುವ ದೀರ್ಘವಚನ ಒಂದು, ಅಂಕಿತವು ನಡುವೆ ಬರುವಂಥದ್ದು ಒಂದು, ಅಂಕಿತವೂ ಹೆಸರೂ ಒಂದೇ ಆಗಿರುವ ಅಂಬಿಗರ ಚೌಡಯ್ಯನವರದೊಂದು, ಕರ್ತೃವಿನ ಹೆಸರು ತಿಳಿಯದ್ದು ಒಂದು, ಟೀಕೆಯುಳ್ಳ ಬೆಡಗಿನ ವಚನ ಒಂದು. ಆರೂ ಅಖಂಡವಾಗಿ, ಅರ್ಥದ ಸಾಲು ಕೆಡದಂತೆ ನಿಂತರೆ ಆ ವಿನ್ಯಾಸ ಯೋಗ್ಯ. ಒಂದು ಮುರಿದರೂ ವಿನ್ಯಾಸವನ್ನು ತಿದ್ದಬೇಕು, ವಚನವನ್ನಲ್ಲ. ಜೊತೆಗೆ ಪ್ರತಿಯೊಂದು ವಚನಕ್ಕೂ ಬದಲಾಗದ ಒಂದು ವಿಳಾಸವಿರಬೇಕು. ಇಲ್ಲವಾದರೆ ಇಂದು ಪ್ರಬಂಧದಲ್ಲಿ ಉಲ್ಲೇಖಿಸಿದ ಪುಟ ನಾಳೆ ಹೊಸ ವಿನ್ಯಾಸ ಬಂದೊಡನೆ ಕಾಣೆಯಾಗುತ್ತದೆ. ಆಧಾರ ಆವೃತ್ತಿಯನ್ನು ಹೇಳದ ಪುಟವನ್ನು ವಿದ್ಯಾರ್ಥಿಗಳು ಪ್ರಮಾಣವೆಂದು ಎಣಿಸಬಾರದು.

ಹಿಂದೆ ಗ್ರಂಥವೊಂದನ್ನು ಪ್ರಕಟಿಸುವಾಗ ಸಂಸ್ಥೆಗಳು ಕರಡು ತಿದ್ದಲು ಒಬ್ಬ ಪಂಡಿತನನ್ನು ಗೊತ್ತುಪಡಿಸುತ್ತಿದ್ದವು. ಜಾಲತಾಣ ಕಟ್ಟುವಾಗಲೂ ಅಂಥ ಒಬ್ಬರನ್ನು ಮೊದಲ ದಿನದಿಂದಲೇ ಕೂಡಿಸಿಕೊಳ್ಳಬೇಕೆಂದು ಮಠಗಳಲ್ಲಿಯೂ ಸಂಘಸಂಸ್ಥೆಗಳಲ್ಲಿಯೂ ನನ್ನ ಬಿನ್ನಹ. ಬಣ್ಣವನ್ನು ಆಯುವ ಸಭೆಗೆ ಅವರು ಬಾರದಿದ್ದರೂ ಚಿಂತೆಯಿಲ್ಲ. ವಚನಕ್ಕೆ ಎಷ್ಟು ಮನೆಗಳು ಬೇಕೆಂದು ನಿರ್ಧರಿಸುವ ದಿನ ಅವರು ಅಲ್ಲಿರಬೇಕು.

ಆ ಬಾಲಕಿಯ ವಿಷಯವನ್ನು ಹೇಳಿ ಮುಗಿಸುತ್ತೇನೆ. ಪುಟದ ಲೋಪವನ್ನು ಅದನ್ನು ನಡೆಸುವವರಿಗೆ ಬರೆದು ತಿಳಿಸಿದೆ. ಕೆಲವು ವಾರಗಳ ನಂತರ ನೋಡಿದಾಗ ಬಿಟ್ಟುಹೋಗಿದ್ದ ವಾಕ್ಯವು ಅಂಕಿತದ ಕೆಳಗೆ ‘ಟಿಪ್ಪಣಿ’ ಎಂಬ ಮನೆಯಲ್ಲಿ ಬಂದು ಕುಳಿತಿತ್ತು. ಶರಣನ ಕೊನೆಯ ಮಾತು ಯಾರೋ ಬರೆದ ಟಿಪ್ಪಣಿಯಾಯಿತು. ನಾನು ಸಂಪುಟದಿಂದ ಆ ವಚನವನ್ನು ಕೈಯಾರೆ ಒಂದು ಹಾಳೆಯಲ್ಲಿ ಬರೆದು, ಉಸಿರು ನಿಲ್ಲಿಸಬೇಕಾದ ಕಡೆ ಸಾಲು ಮುರಿದು, ಬಾಲಕಿಯ ಮನೆಗೆ ಹೋಗಿ ಕೊಟ್ಟುಬಂದೆ. ಕಳೆದ ಅಂಕಗಳನ್ನು ಹಿಂದಿರುಗಿಸುವ ಅಧಿಕಾರ ನನಗಿರಲಿಲ್ಲ. ಆಕೆ ಅಲ್ಲಿಯೇ ನಿಂತು ಅದನ್ನು ಎರಡು ಸಲ ಓದಿ, ಮೂರನೆಯ ಸಲ ನೋಡದೆ ಪೂರ್ಣವಾಗಿ ಹೇಳಿದಳು.